ಕತ್ತರಿಯಕ್ಕ ಕೈ ಕಟ್ಟಿ ಕೂತದ್ದು

ಕತ್ತರಿಯಕ್ಕನ ಅಂಗಡಿಯಲ್ಲಿ ಒಮ್ಮೆ ತಲೆ ಕೊಟ್ಟು ಕೂತವರಿಗೆಲ್ಲ ಒಂದು ವಿಷಯ ಗೊತ್ತು. ನೀವು ಏನನ್ನೇ ಕೇಳಿ, ಅವಳು ಮಾಡಿ ಕಳಿಸುವುದು ಒಂದನ್ನೇ. ಹಿಂದಕ್ಕೆ ಬಿಗಿಯಾಗಿ ಎತ್ತಿ ಕಟ್ಟಿದ ದುಂಡನೆಯ ತುರುಬು, ಎಡಗಿವಿಯ ಮುಂದೆ ಇಳಿಬಿಟ್ಟ ಒಂದು ಸುರುಳಿ. ಹುಡುಗಿಯರು ಫೋನಿನಲ್ಲಿ ಚಿತ್ರ ತೋರಿಸಿ "ಹೀಗೆ ಬೇಕು ಅಕ್ಕಾ" ಅನ್ನುತ್ತಾರೆ. "ಹೀಗೇ ತಾನೆ? ಅದಕ್ಕೇನಂತೆ, ಕೂತ್ಕೊ" ಅನ್ನುತ್ತಾಳೆ. ಚಿತ್ರವನ್ನು ಗಮನವಿಟ್ಟು ನೋಡುತ್ತಾಳೆ ಕೂಡ. ಆಮೇಲೆ ಮಾತು ಶುರು. ಅವಳ ಮಾತಿಗೆ ನಕ್ಕು ನಕ್ಕು ಕಣ್ಣೊರೆಸಿಕೊಂಡು ಕನ್ನಡಿ ನೋಡಿದರೆ, ಅದೇ ತುರುಬು, ಅದೇ ಸುರುಳಿ. ಬೈಯುವುದಕ್ಕೂ ಮನಸ್ಸು ಬರುವುದಿಲ್ಲ, ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಆ ಬೀದಿಯ ಹೆಂಗಸರೆಲ್ಲ ಹಿಂದಿನಿಂದ ನೋಡಿದರೆ ಒಂದೇ ತಾಯಿಯ ಮಕ್ಕಳು. ಬೇಕರಿಯಲ್ಲಿ ಒಲೆ ನೋಡಿಕೊಳ್ಳುವ ಅವಳ ಗಂಡ ಒಮ್ಮೆ ತರಕಾರಿ ಅಂಗಡಿಯ ಮುಂದೆ ಯಾರದೋ ಹೆಗಲು ತಟ್ಟಿ "ಬದನೆಕಾಯಿ ಬೇಡ ಕಣೇ" ಎಂದು ಹೇಳಿ ಬೈಸಿಕೊಂಡು ಬಂದಿದ್ದ.

ಇನ್ನೊಂದು, ಅವಳ ಕೈ. ಕೆದರಿದ ತಲೆ ಕಂಡರೆ ಆ ಕೈ ಅವಳ ಮಾತು ಕೇಳುವುದಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನ ಅಪರಿಚಿತಳ ಕ್ಲಿಪ್ಪು ಜಾರಿದ್ದರೆ ಇವಳ ಬೆರಳು ಅಲ್ಲಿರುತ್ತದೆ. ಸಾವಿನ ಮನೆಯಲ್ಲಿ ಗೊಳೋ ಎಂದು ಅಳುತ್ತಲೇ ಪಕ್ಕದಲ್ಲಿ ಅಳುತ್ತಿದ್ದವಳ ಹೆರಳು ಸರಿಮಾಡಿದವಳು ಅವಳು. ಅಳುವವಳು ಅಳುವುದನ್ನು ನಿಲ್ಲಿಸಿ "ಸ್ವಲ್ಪ ಸಡಿಲ ಮಾಡಮ್ಮ" ಅಂದಳಂತೆ. ಇದನ್ನು ಈಗಲೇ ಹೇಳಿಬಿಡಬೇಕು. ಯಾಕೆಂದರೆ ಮುಂದೆ ಕೆಟ್ಟದ್ದೂ ಈ ಕೈಯಿಂದಲೇ.

ಆ ತುರುಬು ಎಲ್ಲಿಂದ ಬಂತು ಅಂದರೆ, ದೊಡ್ಡಮ್ಮನಿಂದ. ತಾಯಿ ಬೇಗ ಹೋದಳು. ತಾಯಿಯ ಅಕ್ಕ, ಮದುವೆಯ ಗೊಡವೆಗೇ ಹೋಗದ ದೊಡ್ಡಮ್ಮ, ಮಗುವನ್ನು ಎತ್ತಿಕೊಂಡಳು. ದೊಡ್ಡಮ್ಮ ಸಿಟಿ ಬಸ್ಸಿನ ಕಂಡಕ್ಟರು. ಶಾಲೆ ಇಲ್ಲದ ದಿನ ಹುಡುಗಿ ಬಸ್ಸಿನ ಹಿಂದಿನ ಸೀಟಿನಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಮಗ್ಗಿ. ಕೊನೆಯ ನಿಲ್ದಾಣದಲ್ಲಿ ಬಸ್ಸು ನಿಂತಾಗ ದೊಡ್ಡಮ್ಮ ಟೋಪಿ ತೆಗೆದು ಕೂರುತ್ತಿದ್ದಳು, ಹುಡುಗಿ ಸೀಟಿನ ಮೇಲೆ ನಿಂತು ಅವಳ ತಲೆ ಬಾಚುತ್ತಿದ್ದಳು. ಟೋಪಿ ಕೂರಬೇಕಾದರೆ ತುರುಬು ಬಿಗಿಯಾಗಿರಬೇಕು. ಕೊರಳಿನ ಸೀಟಿಯ ದಾರ ಎಡಗಿವಿಯ ಹತ್ತಿರ ಎಳೆದೆಳೆದು ಒಂದು ಎಳೆ ಎಷ್ಟು ಸಿಕ್ಕಿಸಿದರೂ ಹೊರಗೆ ಬರುತ್ತಿತ್ತು. ಅದೇ ಸುರುಳಿ. ಅವಳ ಕೈ ಕಲಿತ ಮೊದಲ ಪಾಠ ಅದು, ಕೊನೆಯದೂ ಅದೇ ಅನ್ನಿ.

ದೊಡ್ಡಮ್ಮನ ದನಿ ಅಂದರೆ ಇಡೀ ಬಸ್ಸು ಒಂದು ಹೆಜ್ಜೆ ಮುಂದೆ ಸರಿಯುವಂಥ ದನಿ. ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಬ್ಯಾಂಕಿನ ಸಾಲಿನಲ್ಲಿ ನಿಂತು "ಮುಂದೆ ಹೋಗಿ, ಒಳಗೆ ಜಾಗ ಇದೆ" ಅನ್ನುವವಳು. ಸೊಂಟ ಮುರಿದ ಮೇಲೆ ಮತ್ತೆ ನಡೆಯಲಾಗಲಿಲ್ಲ. ಕತ್ತರಿಯಕ್ಕನ ಮನೆ ಅಂಗಡಿಯ ಮೇಲೆ, ಏಣಿಯಂಥ ಮೆಟ್ಟಿಲು. ಗಂಡ ಹೆಂಡತಿ ಸೇರಿ ದೊಡ್ಡಮ್ಮನನ್ನು ಕುರ್ಚಿ ಸಮೇತ ಎತ್ತಿ ಅರ್ಧ ಮೆಟ್ಟಿಲಿಗೆ ಸಿಕ್ಕಿಹಾಕಿಕೊಂಡ ದಿನ, ಅವಳೇ ಕುರ್ಚಿಯ ಮೇಲಿಂದ ಅಪ್ಪಣೆ ಕೊಟ್ಟಳು.

"ಇಳಿಸ್ರೋ. ಇದು ನಾನು ಹತ್ತೋ ಬಸ್ಸಲ್ಲ. ನನ್ನನ್ನ ಆ ತಿರುವಿನ ಆಚೆ ಇರೋ ನರ್ಸಿಂಗ್ ಹೋಮಿಗೆ ಸೇರಿಸಿ. ನೆಲಮಟ್ಟದ ಕೋಣೆ, ಕಿಟಕಿ ರಸ್ತೆಗೇ. ಬಸ್ಸು ನೋಡ್ಕೊಂಡು ಇರ್ತೀನಿ."

ಹಾಗೇ ಆಯಿತು. ಮೊದಲು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ನಡೆಸುತ್ತಿದ್ದ ಮುದುಕಿ ದಾದಿ ಗುಡುಗಿನಂಥ ಹೆಂಗಸು, ಆದರೆ ಮಗ್ಗುಲು ಬದಲಿಸುವ ಹೊತ್ತಿಗೆ ಬದಲಿಸಿಬಿಡುತ್ತಿದ್ದಳು. ದೊಡ್ಡಮ್ಮನ ಕೋಣೆಯಲ್ಲಿ ಸಾಲಾಗಿ ಮಂಚಗಳು. ಪಕ್ಕದ ಮಂಚದಲ್ಲಿ ಟೈಪಿಸ್ಟ್ ಅಜ್ಜಿ. ಕಿವಿ ಮಂದ, ಬೆರಳು ಮಾತ್ರ ಇನ್ನೂ ಹೊದಿಕೆಯ ಮೇಲೆ ಟಕಟಕ ಹೊಡೆಯುತ್ತಲೇ ಇರುತ್ತವೆ. ಕಂಡಕ್ಟರ್ ದನಿಗೂ ಟೈಪಿಸ್ಟ್ ಕಿವಿಗೂ ಎಂಥ ಜೋಡಿ ನೋಡಿ. ಇಬ್ಬರೂ ಬೆಳಗಿನಿಂದ ಸಂಜೆವರೆಗೆ ಕಿಟಕಿಯಲ್ಲಿ ಬಸ್ಸು ನೋಡುತ್ತ ಡ್ರೈವರುಗಳಿಗೆ ಅಂಕ ಕೊಡುವುದು. ಯಾರೂ ಪಾಸಾದದ್ದಿಲ್ಲ.

ಆಮೇಲೆ ಹೋಮು ಕೈ ಬದಲಾಯಿತು. ಮುದುಕಿ ದಾದಿ ಹೋದಳು, ಟೈ ಕಟ್ಟಿದ ಮ್ಯಾನೇಜರ್ ಬಂದ. ಬಾಗಿಲಲ್ಲಿ ಪ್ಲಾಸ್ಟಿಕ್ ಗಿಡ ಬಂದವು, ಒಳಗೆ ಆಯಾಗಳು ಕಡಿಮೆಯಾದರು. ನೀರಿನ ಜಗ್ಗು ಕೈಗೆಟುಕದ ಕಿಟಕಿ ಕಟ್ಟೆಗೆ ಹೋಯಿತು. ಮಂಚದ ಪಕ್ಕದ ಕರೆಗಂಟೆಯ ಹಗ್ಗವನ್ನು "ಸುಮ್‌ಸುಮ್ನೆ ಎಳೀತಾರೆ" ಎಂದು ಪರದೆಯ ಕಂಬಿಗೆ ಸಿಕ್ಕಿಸಿದರು. ದೊಡ್ಡಮ್ಮ ಬಿಡುವವಳೇ? ದಿಂಬಿನ ಕೆಳಗಿನಿಂದ ಹಳೆಯ ಸೀಟಿ ತೆಗೆದು ಊದಿದಳು. ಕೆಲವು ದಿನ ಆಯಾಗಳು ಓಡೋಡಿ ಬಂದರು. ಆಮೇಲೆ ಮ್ಯಾನೇಜರೇ ಬಂದು, ತುಂಬ ಮೆತ್ತಗಿನ ದನಿಯಲ್ಲಿ "ಬೇರೆಯವರಿಗೆ ತೊಂದರೆ ಆಗುತ್ತೆ ಅಮ್ಮ" ಎಂದು ಸೀಟಿಯನ್ನು ತೆಗೆದುಕೊಂಡು ಹೋದ.

ಕತ್ತರಿಯಕ್ಕ ವಾರದ ರಜೆಗೆ ತಪ್ಪದೆ ಹೋಗುತ್ತಿದ್ದಳು, ಹೆಗಲಿಗೆ ಬಾಚಣಿಗೆ, ಕತ್ತರಿ, ಎಣ್ಣೆಯ ಚೀಲ. ಕೋಣೆಗೆ ಕಾಲಿಟ್ಟವಳೇ ಬೈಗುಳ ಶುರು, ಜೊತೆಗೆ ಕೆಲಸವೂ ಶುರು. ದೊಡ್ಡಮ್ಮನ ತಲೆ, ಟೈಪಿಸ್ಟ್ ಅಜ್ಜಿಯ ತಲೆ, ಆ ಸಾಲಿನ ಎಲ್ಲರ ತಲೆ. ಉಗುರು ಕತ್ತರಿಸು, ದಿಂಬಿನ ಚೀಲ ಬದಲಿಸು, ನೀರು ತುಂಬಿಸು, ಗಂಟೆಯ ಹಗ್ಗ ಇಳಿಸು. ಸಂಜೆ ಹೊರಡುವಾಗ ಕೋಣೆಯಲ್ಲಿ ಸಾಲಾಗಿ ತುರುಬುಗಳು, ಸಾಲಾಗಿ ಸುರುಳಿಗಳು. ಮರುದಿನ ಹಗ್ಗ ಮತ್ತೆ ಕಂಬಿ ಹತ್ತುತ್ತಿತ್ತು.

ಹಾಗೇ ನಡೆಯುತ್ತಿತ್ತೇನೋ. ಆದರೆ ಒಂದು ಸಲ ಅವಳಿಗೇ ಜ್ವರ ಬಂದು ಮಲಗಿ, ರಜೆಗಳು ತಪ್ಪಿಹೋದವು. ಎದ್ದು ಹೋದಾಗ ಕೋಣೆಯ ಬಾಗಿಲಲ್ಲೇ ವಾಸನೆ ಹೊಡೆಯಿತು. ದೊಡ್ಡಮ್ಮ ಒಂದೇ ಮಗ್ಗುಲಲ್ಲಿ ಮಲಗಿದ್ದಳು. ಸೊಂಟದ ಪಕ್ಕ ಹುಣ್ಣು, ಅಂಗೈಯಷ್ಟು. ಅಂಥ ದನಿಯ ಹೆಂಗಸು "ಬಂದ್ಯಾ" ಅಂದದ್ದು ಕೇಳಿಸಲೇ ಇಲ್ಲ. ಅವತ್ತು ಕತ್ತರಿಯಕ್ಕ ಯಾರ ತಲೆಯನ್ನೂ ಬಾಚಲಿಲ್ಲ. ಗಾಡಿ ಕರೆಸಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ನೋಡಿ, "ಮಗ್ಗುಲು ಬದಲಿಸ್ತಾ ಇದ್ದಿದ್ರೆ ಇದು ಆಗ್ತಾನೇ ಇರ್ಲಿಲ್ಲ" ಅಂದರು.

ಹುಣ್ಣು ಮಾಗುತ್ತ ಬಂತು, ದನಿಯೂ ಮರಳಿತು. ಕತ್ತರಿಯಕ್ಕನ ಕೋಪ ಮಾತ್ರ ಮಾಗಲಿಲ್ಲ. ಅಂಗಡಿಯಲ್ಲಿ ಬಂದವರಿಗೆಲ್ಲ ಅದೇ ಕಥೆ. ಒಂದು ಮಧ್ಯಾಹ್ನ ವಕೀಲಮ್ಮ ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ಬಂದು ಕೂತಿದ್ದರು. ಅರ್ಧ ತಲೆ ಕಪ್ಪು, ಅರ್ಧ ತಲೆ ಬಿಳಿ, ಕೊರಳಿಗೆ ಹಳೆ ಟವೆಲ್ಲು. ಕಥೆ ಹಗ್ಗದ ಹತ್ತಿರ ಬಂದಾಗ ಅವರು ಕುರ್ಚಿ ಗರ್ರನೆ ತಿರುಗಿಸಿದರು.

"ನಿಲ್ಲಿಸಿ. ಸೀಟಿ ತಗೊಂಡು ಹೋದ್ರು ಅಂದ್ರಾ?"

"ನಿಲ್ಲಿಸಿದ್ರೆ ಬಣ್ಣ ಒಣಗುತ್ತೆ ವಕೀಲಮ್ಮ."

"ಬಣ್ಣ ಸುಟ್ಟುಹೋಗ್ಲಿ. ಕೇಸ್ ಹಾಕೋಣ."

"ಕೇಸಾ? ನಾವಾ?" ಕತ್ತರಿಯಕ್ಕ ಬ್ರಶ್ಶನ್ನು ಬಣ್ಣದ ಬಟ್ಟಲಿಗೆ ಹಾಕಿದಳು. "ಆಮೇಲೆ ನಮ್ಮ ದೊಡ್ಡಮ್ಮನ್ನ ಅವರು ಹೊರಗೆ ಹಾಕಿದ್ರೆ?"

ಭಯ ಸುಳ್ಳಲ್ಲ. ಆದರೆ ಆಸ್ಪತ್ರೆಯ ಮಂಚದ ಮೇಲಿದ್ದ ದೊಡ್ಡಮ್ಮನನ್ನು ಕೇಳಿದರೆ ಅವಳದು ಬೇರೆಯೇ ಲೆಕ್ಕ. ಬೇರೆ ಹೋಮು ನೋಡೋಣ ಅಂದದ್ದಕ್ಕೆ ಮೂಗು ಮುರಿದಳು.

"ಬಸ್ಸು ಕೆಟ್ಟರೆ ರಿಪೇರಿ ಮಾಡಿಸ್ಬೇಕು ಕಣೇ. ಪ್ರಯಾಣಿಕರನ್ನ ದಾರೀಲಿ ಇಳಿಸಿ ಕಂಡಕ್ಟರ್ ಬೇರೆ ಬಸ್ಸು ಹತ್ಕೊಂಡು ಹೋಗ್ತಾಳಾ? ಆ ಟೈಪಿಸ್ಟ್ ಅಲ್ಲೇ ಇದ್ದಾಳೆ. ಅವಳ ಕಿವಿಗೆ ಕೇಳೋ ಹಾಗೆ ಮಾತಾಡೋಳು ನಾನೊಬ್ಬಳೇ. ನಾನು ಅಲ್ಲಿಗೇ ವಾಪಸ್ ಹೋಗ್ತೀನಿ. ಕೇಸು ಹಾಕು. ಅವರು ನನ್ನನ್ನ ಸರಿಯಾಗಿ ನೋಡ್ಕೋಬೇಕು, ಅಷ್ಟೇ."

ಅಲ್ಲಿಗೆ ಕೇಸಿನ ಗುರಿ ಗೊತ್ತಾಯಿತು. ದೊಡ್ಡಮ್ಮನಿಗೆ ಅದೇ ಕಿಟಕಿ, ಅದೇ ಗೆಳತಿ ಬೇಕು. ಆದರೆ ಮೈಗೆ ಹುಣ್ಣಾಗದ ಹಾಗೆ. ವಕೀಲಮ್ಮ ತೀರ್ಪು ಬರುವವರೆಗೆ ಯಾರನ್ನೂ ಹೊರಗೆ ಹಾಕಬಾರದು ಅಂತ ಮೊದಲೇ ಕೋರ್ಟಿನಿಂದ ಬರೆಸಿಕೊಂಡರು. ದೊಡ್ಡಮ್ಮ ವಾಪಸ್ಸು ಹೋದಳು. ಮ್ಯಾನೇಜರ್ ಬಾಗಿಲಲ್ಲಿ ನಿಂತು ಹಲ್ಲು ಕಿರಿದು ಸ್ವಾಗತಿಸಿದ. "ಟಿಕೆಟ್ ತಗೊಂಡಿದ್ದೀನಪ್ಪ, ದಾರಿ ಬಿಡು" ಅಂದಳು ಅವಳು.

ಈಗ ಕೈಯ ಕಥೆ. ಕೋರ್ಟಿನವರು ಒಬ್ಬ ತಪಾಸಣೆಯ ಸಾಹೇಬರನ್ನು ನೇಮಿಸಿದರು. ಯಾವ ದಿನ ಎಂದು ಹೇಳದೆ ಬಂದು ಕೋಣೆ ನೋಡಿ ವರದಿ ಕೊಡಬೇಕು. ಹೋಮಿನವರಿಗೂ ಗೊತ್ತಿಲ್ಲ, ಇವರಿಗೂ ಗೊತ್ತಿಲ್ಲ. ಸಾಹೇಬರು ಬಂದದ್ದು ಸರಿಯಾಗಿ ಕತ್ತರಿಯಕ್ಕನ ರಜೆಯ ದಿನ, ಅವಳು ಚೀಲ ಮಡಚಿ ಆಚೆ ಹೋದ ಗಳಿಗೆಗೆ. ಅವರ ಕಣ್ಣಿಗೆ ಬಿದ್ದದ್ದೇನು? ಹೊಳೆಯುವ ತುರುಬುಗಳ ಸಾಲು. ಕತ್ತರಿಸಿದ ಉಗುರು. ತುಂಬಿದ ಜಗ್ಗು. ಕೈಗೆ ಸಿಗುವ ಹಗ್ಗ. ಅವಳು ಮಡಿಸಿಟ್ಟ ಹೊದಿಕೆಯ ಅಂಚು ಕೂಡ ನೇರ. ಅವರು ಪ್ರಾಮಾಣಿಕರು, ಕಂಡದ್ದನ್ನೇ ಬರೆದರು: ಎಲ್ಲ ಅಚ್ಚುಕಟ್ಟಾಗಿದೆ.

ವಕೀಲಮ್ಮ ಅಂಗಡಿಗೆ ನುಗ್ಗಿದ ರಭಸಕ್ಕೆ ಬಾಗಿಲ ಗಾಜು ನಡುಗಿತು.

"ಏನಮ್ಮಾ ಮಾಡಿಬಿಟ್ರಿ! ನನ್ನ ಸಾಕ್ಷಿನೆಲ್ಲ ಬಾಚಿ, ತುರುಬು ಕಟ್ಟಿ, ಎಣ್ಣೆ ಹಚ್ಚಿ ಕೊಟ್ಟು ಬಂದಿದ್ದೀರಲ್ಲ!"

"ನಾನು... ಉಗುರು ಉದ್ದ ಆಗಿತ್ತು ವಕೀಲಮ್ಮ..."

"ಆಗ್ಲಿ! ಅದನ್ನೇ ತಾನೆ ಅವರು ನೋಡ್ಬೇಕಿದ್ದಿದ್ದು?"

ಕತ್ತರಿಯಕ್ಕ ತನ್ನದೇ ಕುರ್ಚಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಳು. ಅಷ್ಟು ದಿನ ಮ್ಯಾನೇಜರ್ ಮಾಡದ ಕೆಲಸವನ್ನೆಲ್ಲ ಪುಕ್ಕಟೆ ಮಾಡಿ, ಅವನ ಮರ್ಯಾದೆಯನ್ನು ತಾನೇ ಕಾಪಾಡಿಕೊಂಡು ಬಂದಿದ್ದೆನಲ್ಲ ಎಂದು ಆಗ ಹೊಳೆಯಿತು. ಗಂಡ ಬೇಕರಿಯಿಂದ ಬಂದು, ವಿಷಯ ಕೇಳಿ, ಸಮಾಧಾನ ಹೇಳಲು ಹೋಗಿ, ನಗು ತಡೆಯಲಾರದೆ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡ.

"ನಗ್ತೀರಾ?"

"ಇಲ್ವೇ, ಹಿಟ್ಟು ಬಾಯಿಗೆ ಹೋಯ್ತು."

ವಕೀಲಮ್ಮ ಕೋರ್ಟಿಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿ, ಇನ್ನೊಂದು ತಪಾಸಣೆ ಬೇಡಿದರು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ ಒಪ್ಪಿದರು. ಈಗ ಕತ್ತರಿಯಕ್ಕ ಕೈ ಕಟ್ಟಿ ಕೂರಬೇಕು. ಹೇಗೆ ಕೂತಾಳು? ವಕೀಲಮ್ಮನಿಗೇ ನಂಬಿಕೆ ಇರಲಿಲ್ಲ. ಕೊನೆಗೆ ದೊಡ್ಡಮ್ಮನೇ ಹೊಣೆ ಹೊತ್ತಳು. ಮುಂದಿನ ರಜೆಯ ದಿನ ಕತ್ತರಿಯಕ್ಕ ಚೀಲ ಬಿಟ್ಟು ಬರಿಗೈಯಲ್ಲಿ ಒಳಗೆ ಕಾಲಿಟ್ಟರೆ, ಮಂಚದಿಂದಲೇ ಗುಡುಗು.

"ಅಲ್ಲೇ ನಿಲ್ಲು! ತಲೆ ಮುಟ್ಟಿದ್ರೆ ನೋಡು. ನಾನೀಗ ನಿನ್ನ ದೊಡ್ಡಮ್ಮ ಅಲ್ಲ, ಸಾಕ್ಷಿ."

ಪಕ್ಕದ ಮಂಚದಿಂದ ಟೈಪಿಸ್ಟ್ ಅಜ್ಜಿ, "ನಾನೂ ಸಾಕ್ಷಿ" ಅಂದರು. ಅವರ ತಲೆ ಹಕ್ಕಿ ಬಿಟ್ಟುಹೋದ ಗೂಡಿನ ಹಾಗಿತ್ತು, ಮುಖದಲ್ಲಿ ಮಾತ್ರ ಬಹುಮಾನ ಬಂದ ಹಿಗ್ಗು. ಸಾಲಿನ ಎಲ್ಲರೂ ಸೇರಿಕೊಂಡಿದ್ದರು. ಯಾರ ತಲೆ ಹೆಚ್ಚು ಕೆಟ್ಟಿದೆ ಎಂಬುದರ ಮೇಲೆ ಪೈಪೋಟಿಯೂ ಶುರುವಾಗಿತ್ತು.

"ನೀರಾದ್ರೂ ಕೊಡ್ಲಾ?" ಕತ್ತರಿಯಕ್ಕ ಜಗ್ಗಿನ ಕಡೆ ನೋಡಿದಳು.

"ನೀರು ಕೊಡು, ಬಾಯಿ ಕೋರ್ಟಲ್ಲಿ ಬೇಕು. ಮಗ್ಗುಲೂ ತಿರುಗಿಸು, ಹುಣ್ಣು ನಮಗೆ ಇನ್ನೊಂದು ಬೇಡ. ತಲೆ, ಉಗುರು, ಹಗ್ಗ, ಇಷ್ಟು ಮಾತ್ರ ಹೇಗಿದೆಯೋ ಹಾಗೆ."

ಕತ್ತರಿಯಕ್ಕ ಸ್ಟೂಲಿನ ಮೇಲೆ ಕೂತಳು. ಅಂಗೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡಳು. ಕಣ್ಣೆದುರಿಗೆ ದೊಡ್ಡಮ್ಮನ ಸಿಕ್ಕುಗಟ್ಟಿದ ಬಿಳಿ ಕೂದಲು, ಒಂದು ಗಂಟು ಕಿವಿಯ ಹಿಂದೆ. ಬಸ್ಸಿನ ಸೀಟಿನ ಮೇಲೆ ನಿಂತು ಬಾಚಿದ ತಲೆ ಅದು. ಬೆರಳು ತೊಡೆಯ ಕೆಳಗೇ ಒದ್ದಾಡಿದವು. ಅತ್ತ ನೋಡಿದರೆ ಟೈಪಿಸ್ಟ್ ಅಜ್ಜಿ, ಇತ್ತ ನೋಡಿದರೆ ಇನ್ನೊಬ್ಬರು. ಕೊನೆಗೆ ಕಿಟಕಿ ಕಡೆ ತಿರುಗಿ, ಬಸ್ಸಿನ ಡ್ರೈವರುಗಳಿಗೆ ಅಂಕ ಕೊಡುತ್ತ ಕೂತಳು. ಅವತ್ತು ಎಲ್ಲರಿಗೂ ಸೊನ್ನೆ. ಮನೆಗೆ ಹೋಗುವ ದಾರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಯಾರೋ ಅಪರಿಚಿತಳ ಜಡೆಯನ್ನು ಕೇಳದೇ ಬಿಚ್ಚಿ ಮತ್ತೆ ಹೆಣೆದಳಂತೆ. ಪಾಪ, ಎಲ್ಲಾದರೂ ಖರ್ಚಾಗಬೇಕಲ್ಲ ಆ ಕೈ.

ಸಾಹೇಬರು ಎರಡನೇ ಸಲ ಬಂದರು. ಬಾಗಿಲಲ್ಲಿ ನಿಂತು, ಕೋಣೆ ಇದೇ ಹೌದೋ ಅಲ್ಲವೋ ಎಂದು ಸಂಖ್ಯೆ ನೋಡಿಕೊಂಡರಂತೆ. ತಲೆಗಳನ್ನು ನೋಡಿದರು, ಉಗುರು ನೋಡಿದರು. ಗಂಟೆಯ ಹಗ್ಗ ಎಲ್ಲಿ ಅಂದರೆ ದೊಡ್ಡಮ್ಮ ಮೇಲಕ್ಕೆ ಬೆರಳು ಮಾಡಿದಳು. ಕುರ್ಚಿ ಹಾಕಿಕೊಂಡು ಹತ್ತಿ, ಅವರೇ ಎಳೆದರು. ಯಾರೂ ಬರಲಿಲ್ಲ.

"ಕೂತ್ಕೊಳ್ಳಿ ಸಾಹೇಬ್ರೆ," ದೊಡ್ಡಮ್ಮ ಮಂಚದ ಅಂಚು ತೋರಿಸಿದಳು. "ಈ ಬಸ್ಸು ಹೊತ್ತಿಗೆ ಸರಿಯಾಗಿ ಬರಲ್ಲ."

ಕೂತರು. ಮತ್ತೆ ಎಳೆದರು, ಮತ್ತೆ ಕೂತರು. ದೊಡ್ಡಮ್ಮ ತನ್ನ ಸರ್ವಿಸಿನ ಕಥೆ ಹೇಳಿದಳು. ಹಳೆ ಪ್ರಯಾಣಿಕರ ಜಗಳ, ಬಸ್ಸಿನಲ್ಲಿ ಬಿಟ್ಟುಹೋದ ಸಾಮಾನು, ಒಮ್ಮೆ ಯಾರೋ ಮರೆತುಹೋದ ಮಾತಾಡುವ ಗಿಳಿ. ಆ ಗಿಳಿ ವಾರವಿಡೀ ಡಿಪೋದಲ್ಲಿ "ಚಿಲ್ಲರೆ ಕೊಡಿ" ಅನ್ನುತ್ತಿತ್ತಂತೆ. ಗಿಳಿಯ ಕಥೆ ಮುಗಿದರೂ ಯಾರೂ ಇಲ್ಲ. ಊಟದ ಗಾಡಿ ತಳ್ಳಿಕೊಂಡು ಬಂದ ಆಯಾ, ಸಾಹೇಬರನ್ನು ಕಂಡು, ಅವರಿಗೂ ಒಂದು ತಟ್ಟೆ ಇಟ್ಟು ಹೋದಳು. ಹೊಸದಾಗಿ ಸೇರಿದ ಮುದುಕ ಅಂದುಕೊಂಡಳಂತೆ.

ಕೋರ್ಟಿನ ದಿನ ದೊಡ್ಡಮ್ಮ ಗಾಲಿಕುರ್ಚಿಯಲ್ಲಿ ಬಂದಳು, ತಲೆ ಇನ್ನೂ ಹಾಗೆಯೇ. ಕೋರ್ಟು ಮುಗಿಯುವವರೆಗೆ ಸಿಕ್ಕು ಬಿಡಿಸಬೇಡ ಎಂದು ಅವಳೇ ಅಂದಿದ್ದಳು. ಮ್ಯಾನೇಜರ್ ಹೊಸ ಟೈ ಕಟ್ಟಿದ್ದ. ಅವನ ಕಡೆಯ ವಕೀಲರು ಹೋಮಿನ ಗೋಡೆಯಿಂದ ತಂದ ದೊಡ್ಡ ಫೋಟೋ ಎತ್ತಿ ತೋರಿಸಿದರು. ಅಜ್ಜಿಯರು ಸಾಲಾಗಿ ನಗುತ್ತಿದ್ದಾರೆ, ತಲೆಗಳು ಅದೆಷ್ಟು ಚಂದ!

ನ್ಯಾಯಾಧೀಶರು ಕೇಳಿದರು. "ಇವರ ತಲೆ ಬಾಚೋದು ಯಾರು?"

"ನಮ್ಮ ಸಿಬ್ಬಂದಿಯೇ ಸ್ವಾಮಿ, ದಿನಾ," ಎಂದ ಮ್ಯಾನೇಜರ್, ಮೆತ್ತಗೆ.

ನ್ಯಾಯಾಧೀಶರು ಫೋಟೋ ನೋಡಿದರು. ದುಂಡು ತುರುಬು, ಎಡಗಿವಿಯ ಮುಂದೆ ಸುರುಳಿ, ಪಕ್ಕದವರಿಗೂ ಅದೇ, ಅವರ ಪಕ್ಕದವರಿಗೂ. ತಲೆಯೆತ್ತಿದರು. ಎದುರಿಗೆ ವಕೀಲಮ್ಮ, ದುಂಡು ತುರುಬು, ಸುರುಳಿ. ಹಿಂದಿನ ಬೆಂಚಿನಲ್ಲಿ ಕತ್ತರಿಯಕ್ಕ, ತುರುಬು, ಸುರುಳಿ. ಅವಳಿಗೆ ಧೈರ್ಯ ಕೊಡಲು ಜೊತೆಗೆ ಬಂದಿದ್ದ ಬೀದಿಯ ಹೆಂಗಸರು, ಸಾಲು ಸಾಲು. ಕೊನೆಗೆ ಅವರ ಕಣ್ಣು ತಮ್ಮ ಕೆಳಗೆ ಕೂತು ಬೆರಳಚ್ಚು ಮಾಡುತ್ತಿದ್ದ ಕೋರ್ಟಿನ ಹುಡುಗಿಯ ಮೇಲೆ ಬಿತ್ತು. ಹುಡುಗಿ ಮೆಲ್ಲಗೆ ಕಿವಿಯ ಮುಂದಿನ ಸುರುಳಿಯನ್ನು ಹಿಂದಕ್ಕೆ ಸಿಕ್ಕಿಸಿಕೊಂಡಳು.

"ನಿಮ್ಮ ಸಿಬ್ಬಂದಿ ನನ್ನ ಕೋರ್ಟಿಗೂ ಬರ್ತಾರೇನು?" ಎಂದರು ನ್ಯಾಯಾಧೀಶರು.

ಕೋರ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗು ನಿಂತ ಮೇಲೆ ಡಾಕ್ಟರಮ್ಮ ಹುಣ್ಣಿನ ವಿಷಯ ಹೇಳಿದರು, ಸಾಹೇಬರು ತಾವು ಕಾದು ಕೂತದ್ದನ್ನು ಹೇಳಿದರು. ಆಮೇಲೆ ದೊಡ್ಡಮ್ಮನ ಸರದಿ.

"ಗಂಟೆ ಕೈಗೆ ಸಿಗದಿದ್ದಾಗ ಏನು ಮಾಡಿದಿರಿ ತಾಯಿ?"

"ಸೀಟಿ ಊದಿದೆ ಸ್ವಾಮಿ. ಅವರು ಸೀಟಿ ತಗೊಂಡು ಹೋದ್ರು, ಗಂಟೆ ಮಾತ್ರ ಕೆಳಗೆ ಇಳಿಸಲಿಲ್ಲ. ಆಮೇಲೆ ಕೂಗಿದೆ. ಎಷ್ಟು ಅಂತ ಕೂಗೋದು? ಒಂದು ದಿನ ಸುಮ್ಮನಾದೆ."

ಅವಳು ಅದನ್ನು ಕಂಡಕ್ಟರ್ ದನಿಯಲ್ಲಿ ಹೇಳಲಿಲ್ಲ. ಪಕ್ಕದ ಮನೆಯವರಿಗೆ ಹೇಳುವ ಹಾಗೆ ಹೇಳಿದಳು. ಮ್ಯಾನೇಜರ್ ಟೈ ಮುಟ್ಟಿಕೊಂಡ. ಹಿಂದಿನ ಬೆಂಚಿನಲ್ಲಿ ಕತ್ತರಿಯಕ್ಕ ಗಂಡನ ಕೈಯನ್ನು ಎಷ್ಟು ಗಟ್ಟಿ ಹಿಡಿದಳೆಂದರೆ, ಮರುದಿನ ಅವನಿಗೆ ಹಿಟ್ಟು ನಾದುವುದಕ್ಕೆ ಕಷ್ಟವಾಯಿತು.

ತೀರ್ಪು ದೊಡ್ಡಮ್ಮನ ಕಡೆಗೆ ಬಂತು. ದೊಡ್ಡಮ್ಮನಿಗೆ ಪರಿಹಾರ, ಹಗಲೂ ರಾತ್ರಿಯೂ ಸಾಕಷ್ಟು ಆಯಾಗಳು, ಹಗ್ಗ ಪ್ರತಿ ಮಂಚಕ್ಕೂ ಕೈಗೆಟುಕುವ ಹಾಗೆ, ಸಾಹೇಬರು ಆಗಾಗ ಹೇಳದೆ ಬಂದು ನೋಡಬೇಕು. ದೊಡ್ಡಮ್ಮ ಇಷ್ಟಪಟ್ಟಷ್ಟು ಕಾಲ ಅದೇ ಕೋಣೆ, ಅದೇ ಕಿಟಕಿ. ಟೈ ಮ್ಯಾನೇಜರ್ ಹೋದ. ಹೋಗುವ ಮುಂಚೆ ಸೀಟಿಯನ್ನು ಮೇಜಿನ ಡ್ರಾಯರಿನಿಂದ ತೆಗೆದು ಕೊಡಬೇಕಾಯಿತು. ದೊಡ್ಡಮ್ಮ ಅದನ್ನು ಸೆರಗಿನಿಂದ ಒರೆಸಿ ಒಂದೇ ಒಂದು ಸಲ ಊದಿದಳು. ಟೈಪಿಸ್ಟ್ ಅಜ್ಜಿ ಬೆಚ್ಚಿ, "ಈಗ ಕೇಳಿಸ್ತು!" ಅಂದರು.

ಕೋರ್ಟಿನಿಂದ ಬಂದ ಆ ಸಂಜೆಯೇ ದೊಡ್ಡಮ್ಮ ತಲೆ ಒಡ್ಡಿದಳು. ಕತ್ತರಿಯಕ್ಕ ಕತ್ತಲಾಗುವವರೆಗೆ ಒಂದೊಂದೇ ಸಿಕ್ಕು ಬಿಡಿಸಿದಳು. ಕಿವಿಯ ಹಿಂದಿನ ಗಂಟಿಗೆ ಕತ್ತರಿ ಹಾಕಬೇಕಾಯಿತು. "ಹೋಗ್ಲಿ ಬಿಡು, ಕೇಸಿಗೆ ಕೊಟ್ಟ ಕೂದಲು" ಅಂದಳು ದೊಡ್ಡಮ್ಮ.

ಮುಂದಿನ ರಜೆಯ ದಿನ ಕತ್ತರಿಯಕ್ಕ ಹೆಗಲಿಗೆ ಚೀಲ ಏರಿಸಿಕೊಂಡು ಎಂದಿನಂತೆ ಹೊರಟಳು. ಕೋಣೆಯಲ್ಲಿ ಗಂಟೆ ಕಿಣಿಕಿಣಿ ಅನ್ನುತ್ತಿತ್ತು, ಒಬ್ಬ ಆಯಾ ಏದುಸಿರು ಬಿಡುತ್ತ ಓಡಿ ಬಂದಳು.

"ಏನಮ್ಮ ಬೇಕು?"

"ಏನಿಲ್ಲ ಕಣವ್ವ. ಸುಮ್ನೆ ನೋಡಿದೆ, ಕೆಲಸ ಮಾಡುತ್ತಾ ಅಂತ."

"ಬೆಳಗಿಂದ ನೋಡ್ತಾನೇ ಇದ್ದೀರ!"

ಕತ್ತರಿಯಕ್ಕ ಚೀಲ ಬಿಚ್ಚಿ ಬಾಚಣಿಗೆ ಹೊರತೆಗೆದಳು. ದೊಡ್ಡಮ್ಮ ತಲೆ ತಿರುಗಿಸಿ ತೋರಿಸಿದಳು. ಆಗಲೇ ಬಾಚಿಯಾಗಿತ್ತು. ಹೊಸ ಆಯಾ ಬೆಳಗ್ಗೆಯೇ ಬಾಚಿದ್ದಳಂತೆ, ಎಲ್ಲರಿಗೂ. ಬೈತಲೆ ಸೊಟ್ಟ, ನದಿ ಹರಿದ ಹಾಗೆ. ಜಡೆ ಒಂದು ಕಡೆ ದಪ್ಪ, ಒಂದು ಕಡೆ ಸಪೂರ. ಸುರುಳಿಯಂತೂ ಇಲ್ಲವೇ ಇಲ್ಲ. ಆಯಾ ಬಾಗಿಲಲ್ಲೇ ನಿಂತಿದ್ದಳು. "ಚೆನ್ನಾಗಿದ್ಯಾ ಅಕ್ಕಾ?" ಎಂದು ಕೇಳಿದಳು, ಸ್ವಲ್ಪ ಹೆದರಿಕೊಂಡು.

ಕತ್ತರಿಯಕ್ಕನ ಬೆರಳು ಆ ಬೈತಲೆಯ ಕಡೆ ಹೋಗಿಯೇ ಹೋದವು. ಕೂದಲಿಗೆ ತಾಕುವ ಮುಂಚೆ ನಿಂತವು. ಬಾಚಣಿಗೆಯನ್ನು ವಾಪಸ್ಸು ಚೀಲಕ್ಕೆ ಹಾಕಿದಳು, ಸ್ಟೂಲು ಎಳೆದುಕೊಂಡಳು, ಅಂಗೈ ಎರಡನ್ನೂ ತೊಡೆಯ ಕೆಳಗಿಟ್ಟು ಕೂತಳು.

"ತುಂಬ ಚೆನ್ನಾಗಿದೆ ಕಣಮ್ಮ," ಅಂದಳು. "ಹಾಗೇ ಇರ್ಲಿ."